ಸುಣ್ಣದ ಕೈಯವಳ ಹೊಟ್ಟಿನ ಒಲೆ

ಪುಟ್ಟಬಸಮ್ಮ ಮರೆಯುವ ಪೈಕಿ ಅಲ್ಲ. ಕೆಡುಕು ಮಾಡಿದವರನ್ನು ಕ್ಷಮಿಸಿದರೆ ಪುಣ್ಯ ಎಂದು ಹರಿಕಥೆಯ ದಾಸರು ಹೇಳಿದಾಗ, ಆ ಪುಣ್ಯ ಬೇಕಾದವರು ಕಟ್ಟಿಕೊಂಡು ಹೋಗಲಿ ಎಂದು ಸೆರಗು ಕೊಡವಿ ಎದ್ದು ಬಂದವಳು ಅವಳು. ಹುಣ್ಣು ಮಾಯುತ್ತದೆ, ಮಾತು ಮಾಯುವುದಿಲ್ಲ. ಅವಳಿಗೆ ಮಾಯದ ಮಾತು ಒಂದೇ ಒಂದು. ಅದನ್ನು ಆಡಿದವಳು ಓರಗಿತ್ತಿ ಕೆಂಪಾಜಮ್ಮ. ಆಡಿದ ಬಾಯಿಂದಲೇ ಅದನ್ನು ವಾಪಸು ನುಂಗಿಸಬೇಕು ಅನ್ನುವುದೊಂದೇ ಹಟದಲ್ಲಿ ಪುಟ್ಟಬಸಮ್ಮ ಇಪ್ಪತ್ತು ವರ್ಷ ಬದುಕಿದಳು. ಊಟ, ನಿದ್ದೆ, ಮಕ್ಕಳು ಮರಿ ಎಲ್ಲ ಅದರ ಜೊತೆಜೊತೆಗೇ ನಡೆದುಹೋಯಿತು.

ಹನೂರಿನಿಂದ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಎಲಚಿಗುಡ್ಡ ಅಂತ ಒಂದು ಊರು. ಬೆಟ್ಟದ ಗಾಳಿ ನೇರವಾಗಿ ಬಂದು ಬೀಳುವ ಜಾಗ. ಮಾರ್ಗಶಿರ ಬಂತೆಂದರೆ ಹೊತ್ತು ಏರಿದರೂ ಜನ ಕಂಬಳಿ ಬಿಡುವುದಿಲ್ಲ. ಅಂಥ ಊರಿನಲ್ಲಿ ಎಲ್ಲರೂ ಸಾಕುವುದು ರೇಷ್ಮೆ ಹುಳ. ಹುಳ ಸೂಕ್ಷ್ಮದ ಜೀವ. ಬೀಡಿ ಹೊಗೆ ತಾಗಿದರೆ ಕೆಟ್ಟಿತು, ಒದ್ದೆ ಹಿಪ್ಪುನೇರಳೆ ಸೊಪ್ಪು ತಿಂದರೆ ಕೆಟ್ಟಿತು, ಚಳಿ ತಾಗಿದರಂತೂ ಮುಗಿಯಿತು. ಆದ್ದರಿಂದ ಹುಳದ ಮನೆಗೆ ದೇವರ ಮನೆಗಿಂತ ಹೆಚ್ಚು ಮಡಿ. ಅಲ್ಲಿ ಯಾರ ಕೈ ಆಗುತ್ತದೆ, ಯಾರ ಕೈ ಆಗುವುದಿಲ್ಲ ಎಂಬ ಲೆಕ್ಕಾಚಾರ ಬೇರೆ.

ಎಂಬತ್ಮೂರರಲ್ಲಿ ಪುಟ್ಟಬಸಮ್ಮ ಆ ಊರಿಗೆ ಚಿಕ್ಕಮಾದಪ್ಪನ ಹೆಂಡತಿಯಾಗಿ ಬಂದಳು. ಅತ್ತೆ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಬಾವ ದೊಡ್ಡಮಾದಯ್ಯನ ಹೆಂಡತಿ ಕೆಂಪಾಜಮ್ಮನದು. ಹೊಸ ಸೊಸೆ ಬಂದ ಮೊದಲ ಮಾರ್ಗಶಿರದಲ್ಲೇ ಹುಳಕ್ಕೆ ಸುಣ್ಣಕಟ್ಟು ಬಿತ್ತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳು ತಟ್ಟೆಯಲ್ಲೇ ಸೆಟೆದು, ಬಿಳುಪೇರಿ, ಸುಣ್ಣದ ಕಡ್ಡಿಯ ಹಾಗೆ ಗಡಸಾದವು. ಅದು ಚಳಿಯ ರೋಗ, ಎಲ್ಲರಿಗೂ ಗೊತ್ತು. ಆದರೆ ಕಳೆದುಕೊಂಡವರಿಗೆ ಬಯ್ಯಲು ಒಂದು ಮುಖ ಬೇಕು, ಚಳಿಗೆ ಮುಖ ಎಲ್ಲಿದೆ? ಕೆಂಪಾಜಮ್ಮ ಸತ್ತ ಹುಳದ ಮೊರವನ್ನು ಬೀದಿಗೆ ತಂದು ಸುರಿದು, ನಾಲ್ಕು ಜನರ ಮುಂದೆ ಕೂಗಿದಳು.

"ಇಷ್ಟು ವರ್ಷ ಇಲ್ದೇ ಇದ್ದುದ್ದು ಈಗ ಯಾಕ್ ಬಂತು? ಇವ್ಳ ಕೈ ಸೋಕ್ತು ನೋಡಿ, ಸುಣ್ಣ ಆಗೋಯ್ತು. ಇವ್ಳುದು ಕೈಯಲ್ಲ ಕಣ್ರವ್ವ, ಸುಣ್ಣುದ್ ಗಡಿಗೆ!"

ಅಂದಿನಿಂದ ಪುಟ್ಟಬಸಮ್ಮ ಹುಳದ ಮನೆಯ ಒಳಗೆ ಕಾಲಿಡುವಂತಿರಲಿಲ್ಲ. ತೋಟದಲ್ಲಿ ಸೊಪ್ಪು ಕುಯ್ಯುವವಳು ಅವಳೇ, ಕುಕ್ಕೆ ಹೊತ್ತು ತರುವವಳು ಅವಳೇ, ಬಾಗಿಲವರೆಗೆ ಮಾತ್ರ. ಊರಿಗೂ ಒಂದು ಹೆಸರು ಸಿಕ್ಕಿತು, ಸುಣ್ಣದ ಕೈ ಬಸಮ್ಮ. ಕೋಳಿ ಕಾವಿಗೆ ಕೂರಿಸುವಾಗ ಅವಳು ಹಾದು ಹೋದರೆ ಹೆಂಗಸರು ಬುಟ್ಟಿಗೆ ಸೆರಗು ಮುಚ್ಚುತ್ತಿದ್ದರು. ಬಿತ್ತನೆ ಬೀಜದ ಹತ್ತಿರ ಬಿಡುತ್ತಿರಲಿಲ್ಲ. ಒಂದು ಸಲ ನೆರೆಮನೆಯ ರಾಮಮ್ಮ ಅವಳು ಕೊಟ್ಟ ಮೊಸರಿನ ಹೆಪ್ಪನ್ನು ಅವಳ ಕಣ್ಣೆದುರಿಗೇ ಬಚ್ಚಲಿಗೆ ಚೆಲ್ಲಿದಳು. ಪುಟ್ಟಬಸಮ್ಮ ಆ ದಿನ ಅಳಲಿಲ್ಲ. ರಾಮಮ್ಮನ ಮೇಲೂ ಕೋಪ ಮಾಡಿಕೊಳ್ಳಲಿಲ್ಲ. ಅಷ್ಟೂ ಕೋಪವನ್ನು ಗಂಟು ಕಟ್ಟಿ ಕೆಂಪಾಜಮ್ಮನ ಹೆಸರಿಗೆ ಎತ್ತಿಟ್ಟಳು.

ತೊಂಬತ್ತನಾಲ್ಕರಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಒಳ್ಳೆಯ ಹುಳದ ಮನೆ ಅಣ್ಣನಿಗೆ ಹೋಯಿತು. ತಮ್ಮನ ಪಾಲಿಗೆ ಬಂದದ್ದು ಅಂಗಳದ ಆಚೆ ಬದಿಯ ಕಲ್ಲಿನ ಕೊಟ್ಟಿಗೆ. ಬಡಗಣ ಗಾಳಿ ನೇರ ಒಳಗೆ ನುಗ್ಗುವ ಜಾಗ, ದನವೂ ನಡುಗುತ್ತಿತ್ತು. ಚಿಕ್ಕಮಾದಪ್ಪ ಸಾಧು ಮನುಷ್ಯ, ಕೊಟ್ಟದ್ದಕ್ಕೆ ತಲೆಯಾಡಿಸಿ ಬಂದ. ಹೆಂಡತಿ ಕೊಟ್ಟಿಗೆಯನ್ನು ಒಂದು ಸುತ್ತು ನೋಡಿ ಬಂದು, ಚಳಿಗಾಲದ ಬೆಳೆಯನ್ನೇ ತೆಗೆಯುತ್ತೇನೆ ಅಂದಳು.

"ನಿಂಗೇನ್ ತಲೆ ಕೆಟ್ಟದಾ ಬಸಮ್ಮಿ? ಊರ್ನೋರೆಲ್ಲ ಚಳಿಗ್ ಹೆದ್ರಿ ಹುಳುದ್ ಮೊಟ್ಟೆ ತರದ್ನೇ ನಿಲ್ಸವ್ರೆ."

"ಅದುಕ್ಕೇ ತತ್ತೀನಿ. ಯಾರ್ ಕೈಲೂ ಆಗದ್ ಕಾಲ್ದಲ್ಲಿ ನನ್ ಕೈಲಿ ಆಗ್ಬೇಕು."

ಹಟವೇನೋ ಸರಿ, ಕೊಟ್ಟಿಗೆ ಬೆಚ್ಚಗಾಗುವುದು ಹೇಗೆ? ಕೆಂಪಾಜಮ್ಮನ ಹಾಗೆ ಇದ್ದಲಿನ ಅಗ್ಗಿಷ್ಟಿಕೆ ಇಟ್ಟರೆ ಅದರ ಮೇಲಿನ ತಟ್ಟೆ ಬೇಯುತ್ತದೆ, ಮೂಲೆಯ ತಟ್ಟೆ ನಡುಗುತ್ತದೆ. ಬಾಗಿಲು ಮುಚ್ಚಿದರೆ ಮನುಷ್ಯರಿಗೇ ತಲೆಸುತ್ತು, ಹುಳ ತಲೆ ಎತ್ತೀತೇ? ಸೀಮೆಎಣ್ಣೆ ಸ್ಟೌವಿನ ನಾತ ಹುಳಕ್ಕೆ ವಿಷ. ರೇಷ್ಮೆ ಇಲಾಖೆಯಿಂದ ಬರುತ್ತಿದ್ದವರು ಕರೆಂಟಿನ ಹೀಟರು ಇಡಿ ಅಂದರು. ಆ ಊರಿಗೆ ಕರೆಂಟು ಮುನಿಸಿಕೊಂಡ ಅಳಿಯನ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಕರೆಯಲು ಯಾರು ಹೋಗುತ್ತಾರೆ? ಹಾಗಾಗಿ ಎರಡು ಚಳಿಗಾಲ ಅವಳ ಹಟ ಹಟವಾಗಿಯೇ ಉಳಿಯಿತು. ಅಂಗಳದ ಆಚೆ ಕೆಂಪಾಜಮ್ಮ ಖಾಲಿ ಕೊಟ್ಟಿಗೆ ನೋಡಿ ಮೂಗಿನಲ್ಲೇ ನಗುತ್ತಿದ್ದಳು.

ದಾರಿ ಸಿಕ್ಕಿದ್ದು ಕೊಳ್ಳೇಗಾಲದಲ್ಲಿ. ಮೈನೆರೆದ ಮಗಳ ಆರತಿಗೆ ಸೀರೆ ನೋಡಲು ನೇಕಾರರ ಬೀದಿಗೆ ಹೋದವಳು, ರಂಗರಾಜು ಎಂಬವರ ಮನೆಯ ಹಿತ್ತಿಲಲ್ಲಿ ರೇಷ್ಮೆಗೆ ಬಣ್ಣ ಹಾಕುವುದನ್ನು ಕಂಡಳು. ಹಂಡೆಯ ಕೆಳಗೆ ಕಬ್ಬಿಣದ ಡ್ರಮ್ಮು. ಸೌದೆ ಕಾಣುತ್ತಿಲ್ಲ, ಹೊಗೆ ಕಾಣುತ್ತಿಲ್ಲ, ಊದುವವರೂ ಇಲ್ಲ. ನೀರು ಮಾತ್ರ ಒಂದೇ ಸಮ ಕಾಯುತ್ತಿದೆ. ಅವಳು ಸೀರೆ ಬಿಟ್ಟು ಡ್ರಮ್ಮಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಏನಕ್ಕಾರೆ, ಸೀರೆ ನೋಡಾಕ್ ಬಂದು ಒಲೆ ನೋಡ್ತಾ ಕುಂತ್ರಿ?" ಎಂದರು ರಂಗರಾಜು.

"ಇದ್ಯಾತ್ರಲ್ಲಿ ಉರೀತದೆ ಸಾ?"

"ಮರುದ್ ಹೊಟ್ಟು. ಸಾಮಿಲ್ಲಲ್ಲಿ ರಾಶಿ ಬಿದ್ದದೆ. ನಡುಮಧ್ಯೆ ಒಂದು ಗುಂಡುಕಟ್ಟಿಗೆ ನಿಲ್ಸಿ, ಸುತ್ತ ಹೊಟ್ಟು ಗಟ್ಟಿಯಾಗ್ ತುಂಬಿ, ಕಟ್ಟಿಗೆ ಎಳ್ದ್ರೆ ಕೊಳವೆ ಆಯ್ತದೆ. ಕೆಳಗ್ ಕಿಡಿ ಹಚ್ಚುದ್ರೆ ಇಡೀ ರಾತ್ರಿ ಮೆತ್ತಗ್ ಉರೀತದೆ. ನಮ್ ಬಣ್ಣಕ್ಕೆ ಹೆಚ್ಚು ಕಮ್ಮಿ ಉರಿ ಆಗಾಕಿಲ್ಲ ನೋಡಿ."

ಹೆಚ್ಚು ಕಮ್ಮಿ ಉರಿ ಹುಳಕ್ಕೂ ಆಗದು. ಪುಟ್ಟಬಸಮ್ಮ ಆ ದಿನ ಸೀರೆಯ ಬಣ್ಣ ಯಾವುದೆಂದು ಸಹ ನೋಡದೆ ಒಂದನ್ನು ಎತ್ತಿಕೊಂಡಳು. ಮಗಳು ಇವತ್ತಿಗೂ ಆ ಸೀರೆಯ ಮಾತೆತ್ತಿ ಆಡಿಕೊಳ್ಳುತ್ತಾಳೆ. ವಾಪಸು ಬರುವಾಗ ಬಸ್ಸಿನ ಟಾಪಿನ ಮೇಲೆ ಎರಡು ಮೂಟೆ ಹೊಟ್ಟು. ಊರಿಗೆಲ್ಲ ಹೊಟ್ಟು ಹಾರಿಸಿಕೊಂಡು ಹೋಗ್ತೀಯೇನಮ್ಮ ಎಂದು ಕಂಡಕ್ಟರು ಹನೂರಿನವರೆಗೆ ಬಯ್ದ. ಅವಳು ನಗುತ್ತಲೇ ಇದ್ದಳು. ಆ ನಗು ನೋಡಿದ್ದರೆ ಕೆಂಪಾಜಮ್ಮನಿಗೆ ಹೆದರಿಕೆ ಆಗುತ್ತಿತ್ತು.

ಒಲೆ ಕೂರಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಖಾಲಿ ಟಾರಿನ ಡ್ರಮ್ಮು ತಂದು ಕೊಟ್ಟಿಗೆಯ ಹೊರಗೋಡೆಗೆ ಒತ್ತಿಸಿ ನಿಲ್ಲಿಸಿದರು. ಉರಿ ಹಾಕುವ ಬಾಯಿ ಹೊರಗೇ ಇರಬೇಕು, ಬೂದಿಯೂ ಹೊರಗೇ ಬೀಳಬೇಕು, ಕಾವು ಮಾತ್ರ ಒಳಗೆ ಬರಬೇಕೆಂಬುದು ಅವಳ ಯೋಚನೆ. ಗೋಡೆ ಕೊರೆದು, ತಗಡಿನ ಕೊಳವೆಯನ್ನು ಕೆಳಗಿನಿಂದ ಒಳತಂದು, ಗೋಡೆಯುದ್ದ ಸುತ್ತಿಸಿ, ಎದುರು ಗೋಡೆಯ ಮೇಲ್ಗಡೆಯಿಂದ ಆಚೆ ಬಿಟ್ಟರು. ಮೊದಲ ದಿನ ಹೊಟ್ಟು ಸಡಿಲವಾಗಿ ತುಂಬಿದ್ದಳು, ಅದೂ ಹಸಿ ಹೊಟ್ಟು. ಕಟ್ಟಿಗೆ ಎಳೆದು ಕಿಡಿ ಹಚ್ಚಿದ್ದೇ ತಡ ಹೊಟ್ಟಿನ ನಡುವಿನ ಕೊಳವೆ ಕುಸಿದು, ಕೊಟ್ಟಿಗೆ ತುಂಬ ಹೊಗೆ, ಊರು ತುಂಬ ಹೊಗೆ.

"ಹುಳ ಸಾಕ್ತಾಳೋ, ಹೊಗೆಸೊಪ್ಪು ಹದ ಮಾಡ್ತಾಳೋ!" ಕೆಂಪಾಜಮ್ಮ ಅಂಗಳದ ಆಚೆಯಿಂದ ಕೂಗಿದಳು.

ಕಣ್ಣಲ್ಲಿ ನೀರು ಸುರಿಯುತ್ತಿದ್ದ ಪುಟ್ಟಬಸಮ್ಮ ಆ ಮಾತನ್ನೂ ಗಂಟಿಗೆ ಸೇರಿಸಿಕೊಂಡಳು. ಹೊಟ್ಟನ್ನು ಬಿಸಿಲಿಗೆ ಹರವಿ ಒಣಗಿಸಿದಳು. ಒನಕೆಯಿಂದ ಕುಟ್ಟಿ ಕುಟ್ಟಿ ತುಂಬಿದಳು. ಕೊಳವೆಯ ಕೀಲುಗಳಿಗೆ ಸಗಣಿ ಮಣ್ಣು ಮೆತ್ತಿದಳು. ಒಂದು ಬೆಳಗ್ಗೆ ಹೊರಗೆ ಇಬ್ಬನಿ ಸುರಿಯುತ್ತಿರುವಾಗ ಬಾಗಿಲು ತೆರೆದರೆ ಒಳಗೆ ಬಾಣಂತಿ ಕೋಣೆಯಂತೆ ಬೆಚ್ಚಗೆ. ಹೊಗೆಯ ಸುಳಿವಿಲ್ಲ. ಚಿಕ್ಕಮಾದಪ್ಪ ಕಂಬಳಿ ತೆಗೆದು ಮಡಚಿ ಮೂಲೆಗಿಟ್ಟ.

ಆ ಚಳಿಗಾಲದ ಬೆಳೆ ಕೈ ಹತ್ತಿತು. ಮರುವರ್ಷ ಅವಳಿಗೂ ಪೆಟ್ಟು ಬಿತ್ತು. ಮರಿಹುಳಕ್ಕೆ ಇಟ್ಟಷ್ಟೇ ಕಾವನ್ನು ದೊಡ್ಡ ಹುಳಕ್ಕೂ ಇಟ್ಟಳು, ಗೋಡೆ ಮೇಲಿನ ಗವಾಕ್ಷಿಗಳನ್ನು ತೆರೆಯಲಿಲ್ಲ. ಹುಳ ಬೆವೆತು, ಸಪ್ಪೆರೋಗ ಬಂದು, ಕೆಲವು ತಟ್ಟೆ ಕೊಳೆತೇ ಹೋದವು. ಯಾರಿಗೂ ತಿಳಿಯದ ಹಾಗೆ ತೋಟದಲ್ಲಿ ಗುಂಡಿ ತೋಡಿ ಹೂತಳು. ಮರಿಗಳಿಗೆ ಕಾವು ಬೇಕು. ನಾಲ್ಕನೇ ಸಲ ಪೊರೆ ಬಿಟ್ಟು ದೊಡ್ಡವಾದ ಮೇಲೆ ಉರಿ ತಗ್ಗಿಸಿ ಗಾಳಿ ಬಿಡಬೇಕು. ಈ ಪಾಠ ಅವಳಿಗೂ ಗಂಡನಿಗೂ ಮಾತ್ರ ಗೊತ್ತಾಯಿತು.

ಮರಿಗಳಿಗೆ ಕಾವು ಬೇಕು ಎಂಬುದೇ ಅವಳ ಅದೃಷ್ಟ ತಿರುಗಿಸಿತು. ಮೊಟ್ಟೆ ಒಡೆದ ಮರಿಯನ್ನು ಎಳೆ ಸೊಪ್ಪು ಕೊಟ್ಟು ಕೆಲವು ದಿನ ಸಾಕಿ ಕೊಡುವುದಕ್ಕೆ ಚಾಕಿ ಅನ್ನುತ್ತಾರೆ. ಚಳಿಯಲ್ಲಿ ಬೇರೆ ಮನೆಗಳಲ್ಲಿ ಮರಿ ನಿಲ್ಲುತ್ತಿರಲಿಲ್ಲ. ಮೊದಲು ರಾಮಮ್ಮನೇ ನಾಚುತ್ತ ಬಂದು ತನ್ನ ಮರಿ ಇಟ್ಟುಕೊಡು ಅಂದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಎರಡು ಸಾವಿರದ ಇಸವಿಯ ಹೊತ್ತಿಗೆ ಎಲಚಿಗುಡ್ಡದ ಚಳಿಗಾಲದ ಹುಳವೆಲ್ಲ ಸುಣ್ಣದ ಕೈಯಲ್ಲೇ ಬೆಳೆದು ಊರು ಸೇರುತ್ತಿತ್ತು, ಕೆಂಪಾಜಮ್ಮನ ಮನೆಯೊಂದನ್ನು ಬಿಟ್ಟು.

ಅವಳೂ ಬರಲೇಬೇಕಾಯಿತು. ಎರಡು ಸಲ ಮರಿ ಚಳಿಗೆ ಸತ್ತ ಮೇಲೆ ಗಂಡನನ್ನು ಕಳಿಸಿದಳು. ಪುಟ್ಟಬಸಮ್ಮ ಬಾವನಿಗೆ ಚಾಪೆ ಹಾಕಿ, ಕಾಪಿ ಕೊಟ್ಟು, ಮೆತ್ತಗೆ ಹೇಳಿದಳು: "ನೀವ್ ಬಂದುದ್ದು ಸಂತೋಸ ಬಾವ. ಆದ್ರೆ ಅಕ್ಕ ಬರ್ಲಿ. ಅಕ್ಕ ಬಂದ್ ಕೇಳ್ಲಿ."

ಕೆಂಪಾಜಮ್ಮ ಬಂದಳು. ಬಾಗಿಲ ಆಚೆಯೇ ನಿಂತು, ಮುಖ ಬೇರೆ ಕಡೆ ಮಾಡಿ, "ನಮ್ ಮರೀನೂ ಒಸಿ ಮಡಿಕಂಡ್ ಕೊಡು," ಅಂದಳು.

ಆ ರಾತ್ರಿಯಿಂದ ಕೆಂಪಾಜಮ್ಮನ ಮರಿಗಳು ಪುಟ್ಟಬಸಮ್ಮನ ತಟ್ಟೆಯಲ್ಲಿ. ಅಂಗೈಯಲ್ಲಿ ಶತ್ರುವಿನ ಪ್ರಾಣ ಸಿಕ್ಕಿದ ಹಾಗೆ. ಗಂಡನ ಎಲೆಯಡಿಕೆ ಚೀಲದಿಂದ ಒಂದು ಚಿಟಿಕೆ ಹೊಗೆಸೊಪ್ಪು ಸೊಪ್ಪಿನ ಮೇಲೆ ಉದುರಿಸಿದರೆ ಸಾಕಿತ್ತು. ಅವಳು ಚೀಲದತ್ತ ನೋಡಲಿಲ್ಲ ಎಂದರೆ ಸುಳ್ಳು. ನೋಡಿದಳು, ಹತ್ತಿರಕ್ಕೂ ಹೋದಳು. ಆಗ ಥಟ್ಟನೆ ಹೊಳೆಯಿತು, ಈ ಹುಳ ಸತ್ತರೆ ಗೆಲ್ಲುವುದು ಕೆಂಪಾಜಮ್ಮ! ನಾನು ಅವತ್ತೇ ಹೇಳಲಿಲ್ಲವೇ, ಸುಣ್ಣದ ಕೈ ಅಂತ ಕುಣಿಯುತ್ತಾಳೆ. ಸೇಡು ತೀರಬೇಕಾದರೆ ಈ ಹುಳ ಬದುಕಬೇಕು. ಬದುಕುವುದಷ್ಟೇ ಅಲ್ಲ, ಊರಲ್ಲೇ ಒಳ್ಳೆಯ ಬೆಳೆ ಅವಳದ್ದಾಗಬೇಕು. ತನ್ನ ಹುಳಕ್ಕೆ ಇಟ್ಟದ್ದಕ್ಕಿಂತ ಎಳೆಯ ಸೊಪ್ಪನ್ನು ಕೆಂಪಾಜಮ್ಮನ ಹುಳಕ್ಕೆ ಹೆಚ್ಚಿ ಹಾಕಿದಳು. ಹಲ್ಲು ಕಡಿಯುತ್ತ ಹಾಕಿದಳು. ಹಡೆದ ಮಕ್ಕಳನ್ನೂ ಅವಳು ಅಷ್ಟು ಜೋಪಾನ ಮಾಡಿರಲಿಲ್ಲ.

ಬೆಳೆ ಬಂತು. ಗೂಡು ಬೆಳ್ಳುಳ್ಳಿ ಗಡ್ಡೆಯ ಹಾಗೆ ತುಂಬಿಕೊಂಡು ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಲ್ಲಿ ಕೂತಿತು. ಪುಟ್ಟಬಸಮ್ಮ ನೀರಿನ ತೊಂಬೆಯ ಹತ್ತಿರ ಬೇಕೆಂದೇ ನಿಧಾನ ಮಾಡುತ್ತ ನಿಂತಳು. ಕೆಂಪಾಜಮ್ಮ ಕೊಡ ಹಿಡಿದು ಬಂದಳು. ಈಸಲ ನಿಮ್ಮ ಬೆಳೆ ಚೆನ್ನಾಗಿ ಆಯ್ತಲ್ಲವ್ವ, ಬಸಮ್ಮನ ಕೈಗುಣ ಎಂದು ಯಾರೋ ಅಂದರು.

ಕೆಂಪಾಜಮ್ಮ ಕೊಡ ತೊಳೆಯುತ್ತಲೇ ಹೇಳಿದಳು. "ಅವ್ಳ ಕೈಗುಣ ಎಲ್ಲಿ ಬಂತು? ಅದು ಒಲೆ ಗುಣ ಕಣ್ರವ್ವ. ಆ ಒಲೆ ಇದ್ರೆ ನಾಯಿ ಕೈಲೂ ಹುಳ ಬೆಳೀತದೆ."

ಪುಟ್ಟಬಸಮ್ಮನ ಮೈಯೆಲ್ಲ ಉರಿಯಿತು. ಇಷ್ಟು ವರ್ಷದ ಬೇಗುದಿ, ಹಲ್ಲು ಕಚ್ಚಿ ಸಾಕಿದ ಶತ್ರುವಿನ ಹುಳ, ಎಲ್ಲವೂ ಒಂದು ಕೊಡ ನೀರಿನಲ್ಲಿ ತೊಳೆದುಹೋಯಿತು. ಮನೆಗೆ ಬಂದು ನೀರೂ ಕುಡಿಯದೆ ಗಂಡನಿಗೆ ಹೇಳಿದಳು: "ಒಲೆ ಕೀಳಿ."

"ಏನಂದೆ?"

"ಕಿತ್ತು ಅಕ್ಕುನ್ ಮನೇಗ್ ಕೂರ್ಸಿ ಬನ್ನಿ. ಒಲೆ ಗುಣ ಅಂತಲ್ಲಾ? ಒಲೇನೇ ಮಡಿಕಳ್ಳಿ."

ಚಿಕ್ಕಮಾದಪ್ಪ ಹೆಂಡತಿಗೆ ಹುಚ್ಚು ಹಿಡಿಯಿತು ಅಂದುಕೊಂಡ. ಆದರೂ ಹೇಳಿದಂತೆ ಮಾಡಿದ, ಅವನ ಸ್ವಭಾವವೇ ಅದು. ಕೊಳವೆ ಕಿತ್ತು, ಡ್ರಮ್ಮು ಉರುಳಿಸಿ, ಅಣ್ಣನ ಹುಳದ ಮನೆಗೆ ಕೂರಿಸಿದರು. ಕೊಟ್ಟಿಗೆ ಖಾಲಿ ಬಿದ್ದು ಊರಿನ ಚಾಕಿಯೂ ಆ ಸಲ ನಿಂತಿತು. ಪುಟ್ಟಬಸಮ್ಮ ತಾನೇ ಬಂದು ನಿಂತು ಹೊಟ್ಟು ತುಂಬುವುದು ತೋರಿಸಿದಳು, ಕೀಲು ಮೆತ್ತುವುದು ತೋರಿಸಿದಳು, ಕಿಡಿ ಹಚ್ಚುವುದು ತೋರಿಸಿದಳು. ಹುಳ ದೊಡ್ಡದಾದ ಮೇಲೆ ಉರಿ ತಗ್ಗಿಸಿ ಗವಾಕ್ಷಿ ತೆರೆಯಬೇಕು ಅನ್ನುವುದೊಂದನ್ನು ಮಾತ್ರ ಹೇಳಲಿಲ್ಲ. ಗಂಡ ಬಾಯಿ ತೆರೆದಾಗ ಕಣ್ಣಿನಲ್ಲೇ ಮುಚ್ಚಿಸಿದಳು. ಇನ್ನೂ ಏನಾದರೂ ಇದೆಯೇ ಎಂದು ಕೇಳಲು ಕೆಂಪಾಜಮ್ಮನಿಗೂ ಬಿಗುಮಾನ.

ಆ ವರ್ಷ ಕೆಂಪಾಜಮ್ಮನ ಮಗ ಶಿವಪ್ರಕಾಶನಿಗೆ ಮದುವೆಯಾಗಿತ್ತು. ಯಳಂದೂರಿನ ಕಡೆಯ ಹುಡುಗಿ, ಚೈತ್ರ. ಅವರ ಕಡೆ ಗದ್ದೆ, ಕಬ್ಬು. ಹುಳವನ್ನು ಹತ್ತಿರದಿಂದ ನೋಡಿದ್ದು ಇಲ್ಲಿಗೆ ಬಂದ ಮೇಲೆಯೇ. ಆದರೂ ಮುಖ ಸಿಂಡರಿಸದೆ ಸೊಪ್ಪು ತರುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು. ಹೊಸ ಒಲೆಯ ಕಾವಿಗೆ ಮರಿಗಳು ಚೆನ್ನಾಗಿ ಎದ್ದವು. ಕೆಂಪಾಜಮ್ಮ ಬೀದಿಯಲ್ಲಿ ತಲೆ ಎತ್ತಿ ನಡೆದಳು. ಹುಳ ದೊಡ್ಡದಾಯಿತು, ಚಳಿಯೂ ಜೋರಾಯಿತು. ಹಳೆಯ ಸುಣ್ಣಕಟ್ಟಿನ ಹೆದರಿಕೆ ಅವಳಿಗೆ ಹೋಗಿರಲಿಲ್ಲ. ಉರಿ ಇನ್ನಷ್ಟು ಹೆಚ್ಚಿಸಿದಳು. ಕಾವು ಆಚೆ ಹೋಗದಿರಲಿ, ಜನರ ದೃಷ್ಟಿಯೂ ಒಳಗೆ ಬರದಿರಲಿ ಎಂದು ಗವಾಕ್ಷಿಗಳಿಗೆಲ್ಲ ಹಳೆ ಸೀರೆ ತುರುಕಿಸಿದಳು. ಪುಟ್ಟಬಸಮ್ಮ ತನ್ನ ಅಂಗಳದಲ್ಲಿ ಕಾಳು ಕೇರುತ್ತ ಆ ಸೀರೆಯ ಗಂಟುಗಳನ್ನು ದಿನಾ ನೋಡುತ್ತಿದ್ದಳು. ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಗಾಳಿಯಲ್ಲಿ ಕೊಳೆತ ನಾತ ಬಂತು. ಸಪ್ಪೆರೋಗದ ನಾತ ಅವಳಿಗೆ ಗೊತ್ತು. ಎಷ್ಟೋ ಕಾಲದಿಂದ ಬಾಯಲ್ಲಿ ಮಸೆದು ಇಟ್ಟುಕೊಂಡಿದ್ದ ಮಾತು ಸಿದ್ಧವಿತ್ತು, 'ಏನಕ್ಕ, ಒಲೆ ಗುಣ ಎಲ್ಗೋಯ್ತು?' ಒಳ್ಳೆಯ ಸೀರೆ ಉಟ್ಟುಕೊಂಡು, ತಲೆ ಬಾಚಿಕೊಂಡು, ಹಬ್ಬಕ್ಕೆ ಹೊರಟವಳ ಹಾಗೆ ಅಂಗಳ ದಾಟಿ ಬೀದಿಗೆ ಬಂದಳು. ಜನ ಆಗಲೇ ಸೇರಿತ್ತು. ಕೆಂಪಾಜಮ್ಮನ ಗಂಟಲು ಕೇಳಿಸಿತು.

"ಇವ್ಳು ಮನೇಗ್ ಬಂದುದ್ದೇ ಬಂತು, ಹುಳ ಎಲ್ಲ ಕೊಳ್ತೋಯ್ತು! ಅದೇ ಒಲೆ, ಅದೇ ಸೊಪ್ಪು. ಇವ್ಳ ಕೈ ಒಂದು ತಾನೆ ಹೊಸ್ದು? ಕೈಯಲ್ಲ, ಮಾರಿ! ಇನ್ ಮ್ಯಾಲೆ ಒಳಗ್ ಬಂದ್ರೆ ನೋಡು!"

ಎದುರಿಗೆ ಚೈತ್ರ. ತಲೆಯ ಮೇಲೆ ಸೊಪ್ಪಿನ ಕುಕ್ಕೆ. ಇಳಿಸಬೇಕೋ ಹೊತ್ತೇ ನಿಲ್ಲಬೇಕೋ ಗೊತ್ತಾಗದೆ ನಿಂತಿದ್ದಾಳೆ.

ಪುಟ್ಟಬಸಮ್ಮನ ಬಾಯಲ್ಲಿದ್ದ ಮಾತು ಅಲ್ಲೇ ನಿಂತಿತು. ಅವಳ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ, ಇನ್ನೂ ಏರಿತು. ಈ ಹೆಂಗಸಿಗೆ ಬುದ್ಧಿ ಬರಲಿಲ್ಲವಲ್ಲ ಎಂದು ಏರಿತು. ಅದರ ಒಂದು ಪಾಲು ಅವಳ ಮೇಲೆಯೇ ತಿರುಗಿತು. ನಿಜ ಹೇಳಿದರೆ ಇಷ್ಟು ವರ್ಷ ಕಟ್ಟಿದ್ದೆಲ್ಲ ಹೋಗುತ್ತದೆ, ಊರು ಅವಳನ್ನೇ ಉಗಿಯುತ್ತದೆ. ಹೇಳದಿದ್ದರೆ ಹುಡುಗಿಯ ಕೈ ಹೋಗುತ್ತದೆ.

"ಅವ್ಳ ಕೈ ಅಲ್ಲ ಕಣಕ್ಕ," ಅಂದಳು. "ಗವಾಕ್ಷಿ. ದೊಡ್ ಹುಳುಕ್ಕೆ ಉರಿ ತಗ್ಗಿಸ್ಬೇಕು, ಗಾಳಿ ಬುಡ್ಬೇಕು. ನೀನು ಸೀರೆ ತುರುಕ್ದೆ, ಬೆಂದೋಯ್ತು."

"ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದಳು ರಾಮಮ್ಮ.

"ಗೊತ್ತಿತ್ತು. ಬೇಕೂಂತ್ಲೇ ಹೇಳ್ನಿಲ್ಲ."

ಕೆಂಪಾಜಮ್ಮ ಎದೆ ಬಡಿದುಕೊಂಡಳು. "ಕೇಳುದ್ರಾ? ಹುಳ ಕೊಂದ ಪಾಪಿ! ಬಾಯಿಲ್ಲದ್ ಜೀವ ಕೊಂದ್ಲು!"

"ಅನ್ನಕ್ಕ," ಎಂದಳು ಪುಟ್ಟಬಸಮ್ಮ. "ಊರೆಲ್ಲ ಅನ್ಲಿ. ಅದು ನಾನ್ ಮಾಡುದ್ದು. ಮಾಡ್ದೇ ಇರದ್ನ ಇಷ್ಟ್ ವರ್ಸ ಹೊತ್ತೋಳು, ಮಾಡುದ್ನ ಹೊರಕ್ಕಾಗಲ್ವಾ?"

ಚೈತ್ರ ಮೊದಲ ಸಲ ತಲೆ ಎತ್ತಿದಳು. ಅತ್ತೆಯನ್ನು ನೋಡಿದಳು, ಆಮೇಲೆ ಪುಟ್ಟಬಸಮ್ಮನನ್ನು ನೋಡಿದಳು.

"ನಿಮ್ಮಿಬ್ರ ಜಗಳುಕ್ಕೆ ನನ್ ಕೈಯೇ ಬೇಕಿತ್ತಾ ಚಿಕ್ಕತ್ತೆ?"

ಚೈತ್ರ ಕುಕ್ಕೆಯನ್ನು ಇಬ್ಬರ ನಡುವೆ ನೆಲಕ್ಕಿಳಿಸಿ, ಅತ್ತೆಯನ್ನು ದಾಟಿ ಹುಳದ ಮನೆಯೊಳಗೆ ಹೋದಳು. ಒಳಗಿನಿಂದ ಗವಾಕ್ಷಿಯ ಸೀರೆಗಳು ಒಂದೊಂದಾಗಿ ಬೀದಿಗೆ ಬಿದ್ದವು.